ಮೂರನೇ ಇಂಜೆಕ್ಟರ್

ಅಖೀಲ್,

ನಾನು ಕಡೂರಿನ ಬಸ್ಸಿಗೆ ಹೊರಟೆ. ಗಾಡಿ ಕೀ ಟಿವಿ ಪಕ್ಕದಲ್ಲಿದೆ. ಹನ್ನೊಂದಕ್ಕೆ ಬೀರೂರು ಸ್ಟೇಷನ್ನಿಗೆ ಹೋಗಿ ಫುಪ್ಪೂ ಅತ್ತೇನ ಕರ್ಕೊಂಡು ಬಾ. ಗಾಡಿ ಈಗ ಜರ್ಕ್ ಹೊಡೆಯಲ್ಲ.

ಡೀಸೆಲ್ ಪಂಪೇ ಹೋಗಿದೆ ಅಂತ ನಿನ್ನೆ ನೀನಂದೆ, ಅಬ್ಬಾ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಇಂಜಿನ್ ಚಾಲೂ ಇಟ್ಟು, ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್‌ಗಳ ವೈರ್ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಮೂರನೆಯದನ್ನು ಬಿಚ್ಚಿದಾಗ ಮಾತ್ರ ಸದ್ದು ಬದಲಾಗಲಿಲ್ಲ. ಅಂದರೆ ಅದೊಂದು ಮೊದಲೇ ಕೆಲಸ ಮಾಡ್ತಿರಲಿಲ್ಲ. ಅದರ ವೈರನ್ನು ಇಲಿ ಕಡಿದಿತ್ತು. ಜೋಡಿಸಿ ಟೇಪ್ ಸುತ್ತಿದೆ, ನಡುಕ ನಿಂತುಹೋಯ್ತು.

ಒಳಗಿಂದಲೇ ಸದ್ದು ಕೇಳಿದ ಅಬ್ಬಾ, "ಅಖೀಲ್ ಸರಿಮಾಡಿಬಿಟ್ಟ ನೋಡು" ಅಂತ ಅಮ್ಮಿಗೆ ಹೇಳಿದರು. ನೀನಿನ್ನೂ ಗೊರಕೆ ಹೊಡೀತಿದ್ದೆ ಕಣೋ! ನನಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ? ಆಟೋಮೊಬೈಲ್ ಡಿಪ್ಲೊಮಾ ಮಾಡಿದ್ದು ಅಕ್ಕ ನಾನು, ಸ್ಟೇರಿಂಗ್ ಸಿಕ್ಕಿದ್ದು ನಿನಗೆ.

ಹೊಸ ವೈರ್ ಹಾಕುವವರೆಗೆ ಲಿಂಗದಹಳ್ಳಿ ಕಡೆ ಏರು ಹತ್ತಿಸಬೇಡ. ಫ್ಲಾಸ್ಕಿನಲ್ಲಿರೋ ಚಾ ನಿನಗೇ.

ದಾರೀಲಿ ಮತ್ತೆ ನಡುಗಿದರೆ ನನಗೆ ಫೋನ್ ಮಾಡು, ಹೇಳಿಕೊಡ್ತೀನಿ. ಆದರೆ ಅಬ್ಬಾನೂ ಜೊತೆಗೆ ಕರ್ಕೊಂಡು ಹೋಗು, ಸ್ಪೀಕರ್ ಹಾಕಿ ಮಾತಾಡು.

ನಿನ್ನ ಆಪಾ,
ತರನ್ನುಮ್