ಬೆನ್ನು ತಿರುಗಿಸಿ ಕರೆದ ಪಾಲು

ಬಸವನ ಬಾಗೇವಾಡಿ
೨೨-೧೦-೧೯೭೪

ನನ್ನ ಮುದ್ದಿನ ಅಬಿದಾಗೆ ಅವ್ವನ ದುವಾ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ರಂಜಾನಿನ ಉಪವಾಸ, ಅದರ ಮೇಲೆ ಹಬ್ಬದ ಗಡಿಬಿಡಿ. ನೀನು ಬಸುರಿ ಎಂದು ಓದಿದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ, ಆಮೇಲೆ ನಕ್ಕೆ. ಅಳಿಯ ಅಬ್ದುಲರಜಾಕ ಹೊಳೆಯಿಂದ ಹಿಡಿದು ತರುವ ಮೀನು ಹೊಟ್ಟೆತುಂಬ ತಿನ್ನು.

ಇಲ್ಲಿಯ ಸುದ್ದಿ ಕೇಳು. ನಿಮ್ಮಪ್ಪನ ಜವಳಿ ಅಂಗಡಿಗೆ ನೈಲಾನ್ ಸೀರೆ ಬಂದಿವೆ. ಊರ ಹೆಂಗಸರಿಗೆಲ್ಲ ಹುಚ್ಚು ಹಿಡಿದಿದೆ. ಪೆಟ್ಟಿಗೆ ತುಂಬ ಸೀರೆ ಇದ್ದವಳಿಗೂ ನೆರೆಮನೆಯವಳು ಉಟ್ಟದ್ದೇ ಬೇಕು. ನಮ್ಮ ಮನೆಯೇನು ಹೊರತೇ? ಹಬ್ಬಕ್ಕೆ ತಂದವುಗಳಲ್ಲಿ ಒಂದು ಗುಲಾಬಿ ಸೀರೆ. ಅದಕ್ಕಾಗಿ ನಿನ್ನ ಅತ್ತಿಗೆಯರಿಬ್ಬರೂ ಮಾತು ಬಿಟ್ಟರು. ಮೊದಲೇ ಇಬ್ಬರಿಗೂ ಬೇರೆ ಬೇರೆ ಕಪಾಟು, ಬೇರೆ ಬೇರೆ ಕೀಲಿಕೈ. ಇನ್ನು ಒಲೆ ಬೇರೆಯಾಗುವುದೊಂದು ಬಾಕಿ ಇತ್ತು.

ಅದೇ ವಾರ ಊರಾಚೆ ಶಿಕಾರಿಯವರು ಗುಡಾರ ಹಾಕಿದರು. ಹಬ್ಬಕ್ಕೆ ಜೀವಂತ ಕೌಜುಗ ಹಕ್ಕಿ ತರಲು ನಾನೇ ಹೋದೆ. ಅವರು ಬಲೆಗೆ ಬಿದ್ದ ಮೊಲಗಳನ್ನು ಪಾಲು ಹಾಕುತ್ತಿದ್ದರು. ಮುತ್ತಲ ಎಲೆಗಳ ಮೇಲೆ ಸಾಲಾಗಿ ಮಾಂಸದ ಗುಡ್ಡೆ. ಹಿರಿಯನೊಬ್ಬ ಬೆನ್ನು ತಿರುಗಿಸಿ ಕೂತಿದ್ದ. ಸಾತವ್ವ ಎಂಬವಳು ಒಂದೊಂದು ಗುಡ್ಡೆ ಮುಟ್ಟಿ “ಇದು ಯಾರಿಗೆ?” ಎನ್ನುವುದು, ಅವನು ನೋಡದೆಯೇ ಒಂದು ಹೆಸರು ಕರೆಯುವುದು. ಬಲೆ ಕಟ್ಟಿದವನಿಗೂ ಗುಡಾರದಲ್ಲಿ ಮಲಗಿದ್ದ ಕುರುಡಿ ಮುದುಕಿಗೂ ಒಂದೇ ಅಳತೆ. ಯಾರೂ ಪಿಟ್ಟೆನ್ನಲಿಲ್ಲ. ಕೊನೆಗೆ, ಜಗಳಾಡಿ ಸೊಲ್ಲಾಪುರಕ್ಕೆ ಹೋದವನೊಬ್ಬನ ಹೆಸರೂ ಬಂತು!

“ಇಲ್ಲದಾಂವಗ ಯಾಕ ಪಾಲು?” ಅಂದೆ.

“ಅದನ್ನ ಅವರವ್ವ ತಿಂತಾಳ್ರಿ,” ಎಂದಳು ಸಾತವ್ವ. “ಆದ್ರ ಹೆಸರು ಕರೀಲಿಲ್ಲಂದ್ರ ಅಂವ ಸತ್ತಂಗ ಅಲ್ಲೇನ್ರಿ ಅವ್ವಾರ?”

ಅವರದು ಸುಖದ ಬಾಳು ಎಂದು ನಾನು ಹೇಳುವುದಿಲ್ಲ. ಬಲೆ ಖಾಲಿ ಬಂದ ದಿನ ಎಲ್ಲರೂ ಉಪವಾಸ. ಆದರೆ ಒಬ್ಬ ಉಣ್ಣುವಾಗ ಇನ್ನೊಬ್ಬ ನೋಡುತ್ತ ಕೂರುವುದಿಲ್ಲ. ಹಂಚಿ ಉಂಡರೆ ಹಸಿವಿಲ್ಲ ಎಂದು ನಾವೂ ಹೇಳುತ್ತೇವೆ, ಕಪಾಟಿಗೆ ಕೀಲಿ ಹಾಕಿಕೊಂಡು.

ಮನೆಗೆ ಬಂದವಳೇ ಪಡಸಾಲೆಯಲ್ಲಿ ಸೀರೆಗಳನ್ನು ಹರವಿದೆ. “ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ರಿ,” ಎಂದು ನಿಮ್ಮಪ್ಪನಿಗೆ ಹೇಳಿದೆ.

“ಇದೇನ ಹುಚ್ಚಾಟ ಹಚ್ಚೀದಿ?” ಎನ್ನುತ್ತಲೇ ಕೂತರು.

ಗುಲಾಬಿ ಸೀರೆ ಮುಟ್ಟಿ ಕೇಳಿದೆ. “ಪೀರಬಿಗೆ,” ಎಂದರು. ಅಂದರೆ ನನಗೆ! ಸೊಸೆಯಂದಿರು ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು. ಜಗಳ ಅಲ್ಲಿಗೇ ಮುಗಿಯಿತು. ಮುಂದಿನದು “ಹಜರಾಬಿಗೆ,” ಅದರ ಮುಂದಿನದು “ಅಮೀನಾಬಿಗೆ.” ನಿನ್ನ ಅತ್ತಿಗೆಯರಿಬ್ಬರಿಗೂ ಒಂದೊಂದಾಯಿತು.

ನಾಲ್ಕನೆಯ ಹಸಿರು ಸೀರೆ ನಾನು ಗುಟ್ಟಾಗಿ ಸೇರಿಸಿದ್ದು. “ಇದು ಯಾರಿಗೆ?” ಎಂದೆ.

“ಮನ್ಯಾಗ ಹೆಂಗಸ್ರು ಮೂರ ಮಂದಿ ಅಲ್ಲ?”

ಮತ್ತೆ ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳುತ್ತ, “ಅಕಿಗೆ ಇರ್ಲಿ,” ಎಂದರು.

ಸಿಂದಗಿ ಸಾಹುಕಾರರ ಸಂಬಂಧ ಬಿಟ್ಟು ನೀನು ಆಲಮಟ್ಟಿಯ ಮೀನುಗಾರನ ಕೈ ಹಿಡಿದು ಎರಡು ವರ್ಷ. ಅಂದಿನಿಂದ ಈ ಮನೆಯಲ್ಲಿ ನಿನ್ನ ವಿಷಯವಾಗಿ ಅವರು ಆಡಿದ ಮೊದಲ ಮಾತು ಇದು. ಆದ್ದರಿಂದ ಬಾಣಂತನಕ್ಕೆ ಇಲ್ಲಿಗೇ ಬಾ. ಏಳು ತುಂಬಿದ ಕೂಡಲೇ ಅಳಿಯನ ಜೊತೆ ಬಸ್ಸು ಹತ್ತು. ಆ ಸಿಂದಗಿ ಸಂಬಂಧಕ್ಕೆಂದು ಕೊಂಡಿದ್ದ ನಿನ್ನ ಕಪಾಟಿನ ಕೀಲಿ ತೆಗೆದಿದ್ದೇನೆ, ಕೂಸಿನ ಬಟ್ಟೆಗೆ ಆಗುತ್ತದೆ. ಯಾರು ಏನೇ ಅನ್ನಲಿ, ನಾನಿದ್ದೇನೆ. ಅಲ್ಲಾಹ ನಿನ್ನ ಹೊಟ್ಟೆಯ ಕುಡಿಯನ್ನು ತಣ್ಣಗಿಡಲಿ.

ನಿನ್ನ ಅವ್ವ
ಪೀರಬಿ

ತಾ.ಕ.: ಅಂದು ಎಲ್ಲರ ಹೆಸರು ಕರೆದರು, ನೀನು ಮಾತ್ರ ‘ಅಕಿ’ ಆದೆ. ಅದು ನನ್ನ ಕರುಳಿನಲ್ಲಿ ಮುಳ್ಳಾಗಿ ಕೂತಿದೆ. ಸಾತವ್ವನ ಮಾತು ನೆನಪಾದಾಗಲೆಲ್ಲ ಹಿತ್ತಿಲಿಗೆ ಹೋಗಿ ಒಬ್ಬಳೇ ನಿನ್ನ ಹೆಸರು ಕರೆಯುತ್ತೇನೆ. ಅದಕ್ಕೇ ಸೀರೆ ಕಳಿಸುತ್ತಿಲ್ಲ. ನೀನೇ ಬಂದು ಅವರ ಬೆನ್ನ ಹಿಂದೆ ನಿಲ್ಲು. ‘ಯಾರದು?’ ಎಂದು ಕೇಳಿದರೆ ಬಾಯಿ ಬಿಡಬೇಡ. ತಿರುಗಿ ನೋಡಿ, ಅವರೇ ಕರೆಯಲಿ.