ಬಿಚ್ಚದ ಬುತ್ತಿ

೧೪ ಅಕ್ಟೋಬರ್, ಮಂಗಳವಾರ

ಇನ್ನು ಸ್ಟೇಟಸ್‌ಗೆ ಚಿತ್ರ ಹಾಕಬಾರದು. ನನಗೆ ಇಷ್ಟವಾದ ಪೇಂಟಿಂಗ್ ಒಂದನ್ನು ಹಾಕಿದ್ದೆ: ಕಲ್ಲಿನ ಗಣಿಯ ಅಂಚಿನಲ್ಲಿ ಕೂತ ನೀಲಿ ಸೀರೆಯ ಮುದುಕಿ. ತೀರಿಕೊಂಡವರ ಫೋಟೋ ಎಂದುಕೊಂಡು ಬೆಳಗಿನಿಂದ ನೆಂಟರ ಫೋನೇ ಫೋನು. ವಾಡಿಯ ಸರಿತಾ ವೈನಿಯಂತೂ ಅಳುದನಿಯಲ್ಲಿ, "ಯಾರು ಹೋದ್ರಪ್ಪ, ಪ್ರಬುದ್ಧ? ಮಣ್ಣು ಎಷ್ಟೊತ್ತಿಗದ?" ಎಂದಳು. ಬರೀ ಚಿತ್ರ ಎಂದದ್ದಕ್ಕೆ ಸಿಟ್ಟಾಗಿ ಫೋನ್ ಇಟ್ಟಳು.

ಕಾಳಗಿಯ ಭೀಮಬಾಯಿ ಅತ್ತಿ ಮಾತ್ರ ಹಾಗೆ ಕೇಳಲಿಲ್ಲ. "ಈಕಿ ಯಾರ ಹಾದಿ ನೋಡಾಕತ್ತಾಳೋ? ಬುತ್ತಿ ಗಂಟು ಇನ್ನಾ ಬಿಚ್ಚಿಲ್ಲ" ಎಂದಳು.

ಗಂಟೇ? ಮತ್ತೆ ತೆಗೆದು ನೋಡಿದೆ. ಮೊಣಕಾಲಿನ ಪಕ್ಕದಲ್ಲೇ ಇದೆ. ಇಷ್ಟು ವರ್ಷ ಸೀರೆಯ ನೀಲಿಯನ್ನೇ ಹೊಗಳುತ್ತ ಬಂದಿದ್ದೇನೆ.

ಸ್ಟೇಟಸ್ ಅಳಿಸಲಿಲ್ಲ. ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ. ಏಳಬೇಕು. ಆ ಮುದುಕಿಯ ಊಟ ಇನ್ನೂ ಆಗಿಲ್ಲ.