ಸಾಫ್ ಮಾಡಿದ ಟೇಪು

7 ಏಪ್ರಿಲ್ 1974, ಭಾನುವಾರ

ಇವತ್ತೂ ಅಂಗಡಿಗೆ ರಜೆ ಇಲ್ಲ. ಲಗ್ನದ ಸೀಸನ್. ಬೆಳಿಗ್ಗೆಯಿಂದ ಸೂಟಿನ ಬಟ್ಟೆ ಕತ್ತರಿಸಿ ಹೆಬ್ಬೆರಳಿನ ಬುಡ ಊದಿದೆ. ಮಾಲಕ ಬಡೇಸಾಬನದು ಒಂದೇ ಮಾತು — "ಮಾಸ್ಟರ್, ಕತ್ರಿ ನಿಂದರಬಾರದು." ನಿಲ್ಲಲಿಲ್ಲ.

ಮನೆಗೆ ಬಂದಾಗ ಅಮ್ಮ ಅಮೀರನ ಫೋಟೊ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪೇಪರಿನಲ್ಲಿ ಬಂದದ್ದು. ಡ್ರಮ್ಮುಗಳ ಹಿಂದೆ ತಮ್ಮ, ಕೂದಲೆಲ್ಲ ಹಣೆಯ ಮೇಲೆ.

"ಮಾರಿ ಕಣ್ಣಾಗ ಐತಿ ಕುತುಬ್. ದನಿ ಹೋತು. ನಿನ್ನೆಯಿಂದ ನೆನಸಾಕತ್ತೀನಿ, ಬರವಲ್ದು."

ನನಗೂ ಬರುತ್ತಿಲ್ಲ. ಹೇಳಲಿಲ್ಲ. ಫೆಬ್ರವರಿಯಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ನಿಂತಿದ್ದ, ಕಂಬ ಬಡಿಯಿತು, ಹೋದ. ದನಿ ಇಷ್ಟು ಬೇಗ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ನೆನಪಿರುವುದು ಅವನ ಎಣಿಕೆ. "ಒಂದ, ಎರಡ, ಮೂರ, ನಾಕ" — ಆಮೇಲೆಯೇ ಪೆಟ್ಟು. ಊರಿನ ಕನ್ನಡ ಶಾಲೆಯ ಎಣಿಕೆ. ಇಂಗ್ಲಿಷ್ ಹಾಡುವ ಬ್ಯಾಂಡಿಗೆ ಹೋದರೂ ಬಿಡಲಿಲ್ಲ. ರೊಟ್ಟಿ ಮುರಿಯುವ ಮೊದಲೂ ಎಣಿಸುತ್ತಿದ್ದ. "ಉಣ್ಣಾಕೂ ತಾಳ ಬೇಕೇನ ಇವಗ" ಎಂದು ಅಮ್ಮ ಬೈಯುವಳು. ಮಾತುಗಳು ಇವೆ. ದನಿ ಇಲ್ಲ.

9 ಏಪ್ರಿಲ್

ನಲ್ಲಿಯ ಹತ್ತಿರ ದೂಜ ಸಿಕ್ಕ. ನಮ್ಮ ಚಾಳಿನವನೇ, ಮಂಗಳೂರು ಕಡೆಯವನು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾನೆ.

"ಮಾಸ್ಟ್ರೇ, ನಿಮ್ಮ ತಮ್ಮನ ಬ್ಯಾಂಡ್ ಉಂಟಲ್ಲ, ಸಾಲ್ಟ್ ಪ್ಯಾನ್ಸ್. ಅದರ ಟೇಪು ಹಿಡ್ಕೊಂಡು ಕಾಲೇಜು ಹುಡುಗರು ನಮ್ಮಲ್ಲಿಗೆ ಬರ್ತಾರೆ. ನಾಲ್ಕು ಜನಕ್ಕೆ ಎರಡು ಚಾ. ಮೇಜು ಬಿಡುದಿಲ್ಲ ಮಾರಾಯ್ರೆ."

"ಎಂಥಾ ಟೇಪು?"

"ಶೋ ಆಗುವಾಗ ಇವರೇ ಟೇಪ್ ಮಷಿನ್ ಇಟ್ಟು ತುಂಬಿಸಿಕೊಳ್ಳುದು. ಆಮೇಲೆ ಅದಲು ಬದಲು. ದುಡ್ಡಿನ ವ್ಯವಹಾರ ಇಲ್ಲ, ಶೋಗೆ ಶೋ. ಮಾಟುಂಗದಲ್ಲಿ ರಮಾನಾಥ ಅಂತ ಒಬ್ಬ ಇದ್ದಾನೆ, ಅವನ ಮನೆಯಲ್ಲಿ ಕಪಾಟು ತುಂಬಾ ನಿಮ್ಮ ತಮ್ಮನೇ."

ಬಕೆಟ್ ತುಂಬಿ ಹರಿಯುತ್ತಿತ್ತು. ದೂಜನೇ ನಲ್ಲಿ ನಿಲ್ಲಿಸಿದ.

14 ಏಪ್ರಿಲ್, ಭಾನುವಾರ

ಅರ್ಧ ದಿನ ರಜೆ ಕೇಳಿಕೊಂಡು ಹೋದೆ. ಮಾಟುಂಗ ರೋಡ್‌ನಲ್ಲಿ ಇಳಿದು ಸೇತುವೆ ದಾಟಿ, ಹೂವಿನ ಅಂಗಡಿಗಳ ಹಿಂದಿನ ಬಿಲ್ಡಿಂಗ್. ರಮಾನಾಥ ಇಪ್ಪತ್ತೆರಡರ ಹುಡುಗ, ಕೊಂಕಣಿ ಮನೆಯವನು. ಕನ್ನಡ ತಡೆದು ತಡೆದು ಬರುತ್ತದೆ. ನಾನು ಯಾರೆಂದು ಹೇಳಿದೆ. ಕೋಣೆಯಲ್ಲಿದ್ದ ಹುಡುಗರೆಲ್ಲ ಎದ್ದು ನಿಂತರು. ಕುರ್ಚಿ ಕೊಟ್ಟರು. ಪವಾಯಿ ಕಾಲೇಜಿನ ಒಬ್ಬ ಹುಡುಗ ಕೇಳಿದ — "ಅಮೀರ್ ಕೆ ಸ್ಟಿಕ್ಸ್ ಘರ್ ಪೆ ಹೈ ಕ್ಯಾ?" ಬಾರಿಸುವ ಕೋಲುಗಳು ಮನೆಯಲ್ಲೇ ಇವೆ ಎಂದು ತಲೆಯಾಡಿಸಿದೆ. ಅವನ ಕಣ್ಣು ಹೊಳೆಯಿತು. ನನಗೆ ಹಿಡಿಸಲಿಲ್ಲ.

ಕಪಾಟಿನಲ್ಲಿ ಸಾಲಾಗಿ ಡಬ್ಬಿಗಳು. ಊರು, ತಾರೀಕು, ಒಳ್ಳೆಯದೋ ಸಾಧಾರಣವೋ ಎಂಬ ಗುರುತು. ಒಂದರ ಮೇಲೆ ಕೆಂಪು ಶಾಯಿ. ಕೊನೆಯ ಶೋ. ಅದೊಂದಕ್ಕೆ ಬದಲಾಗಿ ಈಗ ಎರಡು ಶೋ ಕೊಡಬೇಕಂತೆ. ಫೆಬ್ರವರಿಗೆ ಮೊದಲು ಅದಕ್ಕೂ ಎಲ್ಲದರಂತೆ ಒಂದೇ ಶೋ ಸಾಕಿತ್ತು...

ಹಾಕಿದರು. ತಮ್ಮನ ಡ್ರಮ್ಮು ಕೋಣೆ ತುಂಬಿತು. ಹುಡುಗರು ಕಣ್ಣು ಮುಚ್ಚಿ ತಲೆ ಆಡಿಸಿದರು. ಹಾಡು ಮುಗಿಯಿತು — ಟಕ್. ತಕ್ಷಣ ಇನ್ನೊಂದು ಹಾಡು. ಮುಗಿಯಿತು — ಟಕ್.

"ನಡುವ ಮಾತಾಡಿದ್ದಿಲ್ಲೇನ್ರಿ? ಎಣಿಸಿದ್ದು?"

"ಮಾತು ತಗೊಳ್ಳೋದಿಲ್ಲ ಭಾಯ್‌ಸಾಬ್. ಫಾರಿನ್ ಟೇಪ್, ಸಿಗೋದೇ ಕಷ್ಟ. ಹಾಡು ಮುಗೀತು, ಸ್ಟಾಪ್. ಡ್ರಮ್ ಬಿತ್ತು, ಸ್ಟಾರ್ಟ್. ಎಲ್ಲರೂ ಹೀಗೇ ಮಾಡ್ತಾರೆ. ಮಾತು ಉಳಿದರೆ ಕಚ್ಚಾ ಟೇಪ್ ಅಂತಾರೆ, ಯಾರೂ ತಗೊಳ್ಳೋಲ್ಲ."

ಇಷ್ಟು ಡಬ್ಬಿ. ಒಂದರಲ್ಲೂ ಅವನ ಬಾಯಿ ಇಲ್ಲ. ಕೈ ಮಾತ್ರ.

15 ಏಪ್ರಿಲ್

ಅಮ್ಮನಿಗೆ ಏನೂ ಹೇಳಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದಳು. ಗುಂಡಿ ತರಲು, ಎಂದೆ.

18 ಏಪ್ರಿಲ್

ಟ್ರಂಕಿನಲ್ಲಿ ಅಮ್ಮನ ಬಟ್ಟೆಯ ಕೆಳಗೆ ಟೇಪು ಸುತ್ತಿದ ಒಂದು ಸ್ಪೂಲ್ ಇದೆ! ನಿನ್ನೆ ಸ್ಟಿಕ್‌ಗಳನ್ನು ನೋಡಲು ತೆಗೆದಾಗ ಸಿಕ್ಕಿತು. ಹೋದ ವರ್ಷ ಅಮೀರ ಬ್ಯಾಂಡಿನ ಮಷಿನನ್ನು ಒಂದು ವಾರ ಮನೆಗೆ ತಂದಿದ್ದ. ಇದೇ ಟ್ರಂಕಿನ ಮೇಲೆ ಬಾರಿಸಿ ತುಂಬಿಸಿದ್ದು. ಮನೆಯಲ್ಲಿ ಸ್ಟಾಪ್ ಒತ್ತುವವರು ಯಾರೂ ಇರಲಿಲ್ಲ.

21 ಏಪ್ರಿಲ್, ಭಾನುವಾರ

ಸ್ಪೂಲ್ ಒಯ್ದೆ. ರಮಾನಾಥ ಎರಡೂ ಕೈಯಲ್ಲಿ ತೆಗೆದುಕೊಂಡ. ಹಾಕಿದ.

ಮೊದಲು ಸ್ಟೋವಿನ ಸದ್ದು. ಆಮೇಲೆ ಅಮ್ಮ — "ಟ್ರಂಕ ಒಡೀತೈತಿ, ಬಿಡೋ." ಆಮೇಲೆ ಅವನು.

"ಇದೊಂದ ಸಲ, ಅಮ್ಮಾ."

ನಗು. ಎಣಿಕೆ. ಟ್ರಂಕಿನ ಮೇಲೆ ಪೆಟ್ಟು.

ನಿಲ್ಲಿಸಿ ಎಂದೆ. ಮುಂದಿನದು ಅಮ್ಮನ ಜೊತೆಯೇ ಕೇಳಬೇಕು. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎಲ್ಲ ಓದಿದವರು. ನಮ್ಮ ಸ್ಟೋವು, ನಮ್ಮ ಬೈಗುಳ ಅವರ ಎದುರು ಬಿಚ್ಚಿಟ್ಟಂತಾಯಿತು. ನಾಚಿಕೆಗೆ ಒಂದು ಮಾತು ಆಡಿದೆ — "ಮನೀ ಗದ್ಲ ಭಾಳ ಐತ್ರಿ ಇದರಾಗ. ಏನೂ ತಿಳ್ಕೋಬ್ಯಾಡ್ರಿ."

"ನೋ ಪ್ರಾಬ್ಲೆಮ್ ಭಾಯ್‌ಸಾಬ್. ನಾನು ನೋಡ್ಕೊಳ್ತೇನೆ. ಮುಂದಿನ ಸಂಡೇ ಅಮ್ಮನ್ನ ಕರ್ಕೊಂಡು ಬನ್ನಿ. ಟೇಪ್ ಇಲ್ಲೇ ಇರಲಿ, ಟ್ರಂಕಲ್ಲಿ ಕೆಡ್ತದೆ. ನಾವೂ ಒಂದು ಕಾಪಿ ತಗೊಳ್ಲಾ? ಇದು ಯಾರ ಹತ್ರನೂ ಇಲ್ಲ."

ತಗೊಳ್ರಿ ಎಂದೆ. ಕೇಳಿಸಿದ ಉಪಕಾರ ಇತ್ತಲ್ಲ.

ಬರುವಾಗ ಲೋಕಲ್‌ನಲ್ಲಿ ದನಿ ಕಿವಿಯಲ್ಲಿತ್ತು. ಇದೊಂದ ಸಲ ಅಮ್ಮಾ. ಮಹಾಲಕ್ಷ್ಮಿ ಸ್ಟೇಷನ್ ತನಕ ಇತ್ತು. ಗ್ರಾಂಟ್ ರೋಡ್‌ನಲ್ಲಿ ಇಳಿಯುವ ನೂಕಾಟದಲ್ಲಿ ಮತ್ತೆ ಹೋಯಿತು. ಪರವಾಗಿಲ್ಲ. ಈಗ ಇರುವ ಜಾಗ ಗೊತ್ತು.

ಅಮ್ಮನಿಗೆ ಹೇಳಿದೆ. ಅವಳು ಎದ್ದು ಹೋಗಿ ಉರಿಯುತ್ತಿದ್ದ ಸ್ಟೋವ್ ಆರಿಸಿ ಬಂದು ಕೂತಳು. "ಇನ್ನೊಮ್ಮೆ ಹೇಳು" ಅಂದಳು.

28 ಏಪ್ರಿಲ್

ಅಮ್ಮನಿಗೆ ಜ್ವರ. ಹೋಗಲಾಗಲಿಲ್ಲ.

11 ಮೇ

ರೈಲು ಹರತಾಳ. ಲೋಕಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜ್ವರ ಬಿಟ್ಟಿದೆ, ಆದರೆ ಈ ಗದ್ದಲದಲ್ಲಿ ಅಮ್ಮನನ್ನು ಹತ್ತಿಸುವ ಧೈರ್ಯ ಇಲ್ಲ. ರಮಾನಾಥ ದೂಜನ ಕಡೆ ಹೇಳಿ ಕಳಿಸಿದ್ದಾನೆ — ಟೇಪು ಫಸ್ಟ್ ಕ್ಲಾಸ್ ಆಗಿದೆ. ಏನು ಆಗುವುದಿತ್ತು? ಚೆನ್ನಾಗಿಯೇ ಇತ್ತಲ್ಲ.

ಅಮ್ಮ ದಿನಾ ಕೇಳುತ್ತಾಳೆ — "ಗಾಡಿ ಸುರು ಆದವೇನೋ?" ಮಗನನ್ನು ತಿಂದ ಗಾಡಿ. ಅದರ ದಾರಿಯನ್ನೇ ಕಾಯುತ್ತಿದ್ದಾಳೆ.

2 ಜೂನ್, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಅಮ್ಮ ಈದ್‌ನ ಸೀರೆ ಉಟ್ಟಿದ್ದಳು. ಫೆಬ್ರವರಿಯಿಂದ ಲೋಕಲ್ ಹತ್ತಿರಲಿಲ್ಲ. ಬಾಗಿಲ ಕಡೆ ನೋಡದೆ ಒಳಗೆ ಹೋಗಿ ಕೂತಳು. ರಮಾನಾಥನ ಮನೆಗೆ ಹೋದರೆ ಕೋಣೆ ತುಂಬಾ ಹುಡುಗರು. ಡ್ರಮ್ಮರನ ತಾಯಿ ಬರುತ್ತಾಳೆ ಎಂದು ಪವಾಯಿಯಿಂದ, ಬಾಂದ್ರಾದಿಂದ ಬಂದಿದ್ದರು. ಒಬ್ಬೊಬ್ಬರಾಗಿ ಕಾಲು ಮುಟ್ಟಿದರು. ಅಮ್ಮ ಎಲ್ಲರ ತಲೆಯ ಮೇಲೂ ಕೈಯಿಟ್ಟಳು.

ಚಾ ಕೊಟ್ಟರು. ಸ್ಪೀಕರ್ ಹತ್ತಿರ ಕುರ್ಚಿ. ಅಮ್ಮ ಇನ್ನೂ ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಗಲೇ ಟ್ರಂಕಿನ ಪೆಟ್ಟು ಶುರುವಾಯಿತು. ಸ್ಟೋವ್ ಎಲ್ಲಿ? ಪೆಟ್ಟು. ಪೆಟ್ಟಿನ ಮೇಲೆ ಪೆಟ್ಟು. ಎಲ್ಲೂ ಉಸಿರು ಬಿಡಲಿಲ್ಲ. ಅಮ್ಮ ಮುಂದೆ ಬಾಗಿ, ಕಿವಿಯ ಹಿಂದೆ ಕೈಯಿಟ್ಟು ಕಾದಳು. ಸ್ಪೂಲ್ ಮುಗಿದು ಟೇಪಿನ ಬಾಲ ಪಟಪಟ ಹೊಡೆದುಕೊಂಡಿತು. ಹುಡುಗರು ಚಪ್ಪಾಳೆ ತಟ್ಟಿದರು.

"ಇದು ಬಾರಸೂದಾತು. ಅಂವ ಎಲ್ಲಿ?"

ರಮಾನಾಥನಿಗೆ ಅರ್ಥವಾಗಲಿಲ್ಲ. ಸಂತೋಷದಲ್ಲಿದ್ದ. "ಅಮ್ಮಾ, ನಾನೇ ಕೂತು ಸಾಫ್ ಮಾಡಿದ್ದು. ಬ್ಲೇಡಲ್ಲಿ ಕಟ್ ಮಾಡಿ, ಅಂಟು ಪಟ್ಟಿ ಹಚ್ಚಿ ಜೋಡಿಸಿ. ಸ್ಟೋವ್ ಸೌಂಡ್, ನಡುವೆ ಮಾತು, ಯಾರೋ ಒಬ್ಬಳು ಹೆಂಗಸು ಕೂಗ್ತಾ ಇದ್ಳು — ಎಲ್ಲ ತೆಗೆದೆ. ಜಾಯಿಂಟ್ ಗೊತ್ತೇ ಆಗೋಲ್ಲ."

"ಆ ಹೆಂಗಸು ನಾನಪಾ" ಅಂದಳು ಅಮ್ಮ.

ಪವಾಯಿಯ ಹುಡುಗ ಕಪಾಟಿನ ಕಡೆ ತಿರುಗಿ ನಿಂತ. ರಮಾನಾಥ ನನ್ನನ್ನು ನೋಡಿದ. ಮುಖ ಬಿಳಿಚಿತ್ತು.

"ನೀವೇ ಹೇಳಿದ್ರಲ್ಲ ಭಾಯ್‌ಸಾಬ್... ಗದ್ಲ ಜಾಸ್ತಿ ಅಂತ."

ಹೇಳಿದ್ದೆ. ಹೌದು.

"ಕತ್ತರಿಸಿದ ಚೂರು ಎಲ್ಲಿ ಅದಾವ್ರಿ?"

"ಚೂರು?"

"ತೆಗದದ್ದು. ಅವನು ಮಾತಾಡಿದ್ದು."

"ಕಸ ಗುಡಿಸೋವಾಗ..." ಅಷ್ಟಕ್ಕೇ ನಿಲ್ಲಿಸಿದ.

ಹೋದ ತಿಂಗಳ ಕಸ. ಮೊದಲಿನ ಕಾಪಿ? ಇಲ್ಲ. ಸಾಫ್ ಮಾಡಿದ ಮೇಲೆಯೇ ಕಾಪಿ ತೆಗೆಯುವುದು ಅವರ ಪದ್ಧತಿ. ಕಚ್ಚಾ ಯಾರೂ ತಗೊಳ್ಳುವುದಿಲ್ಲವಲ್ಲ.

ಅಮ್ಮ ಕುರ್ಚಿಯಿಂದ ಎದ್ದಳು. ಬಾಗಿಲಲ್ಲಿ ನಿಂತು ರಮಾನಾಥನಿಗೆ ಹೇಳಿದಳು — "ಚಾ ಛಲೋ ಇತ್ತಪಾ." ಬೈದಿದ್ದರೆ ಚೆನ್ನಾಗಿರುತ್ತಿತ್ತು.

3 ಜೂನ್

ನಮ್ಮ ಅಂಗಡಿಯಲ್ಲಿ ಒಂದು ರೂಢಿ. ಸೂಟು ಹೊಲಿದ ಮೇಲೆ ಉಳಿದ ಚಿಂದಿಯನ್ನು ಗಂಟು ಕಟ್ಟಿ ಗಿರಾಕಿಗೆ ವಾಪಸ್ ಕೊಡಬೇಕು. ಅಂಗೈಯಗಲ ಇದ್ದರೂ. ನಾಳೆ ಮೊಣಕೈ ಹರಿದರೆ ತೇಪೆಗೆ ಬೇಕು. ಬಟ್ಟೆ ಅವರದು, ಚೂರೂ ಅವರದು. ಇದನ್ನು ನನಗೆ ಯಾರೂ ಕಲಿಸಿಕೊಡಲಿಲ್ಲ, ನೋಡಿಯೇ ಬಂತು.

ಇವತ್ತು ಒಂದು ತೋಳು ತಪ್ಪು ಕತ್ತರಿಸಿದೆ. ಬಡೇಸಾಬ ಬೈಯದೆ ಆ ತೋಳನ್ನು ಮಡಚಿ ಬದಿಗಿಟ್ಟ. ಮುಖ ನೋಡಿರಬೇಕು.

6 ಜೂನ್

ದೂಜ ಹೇಳಿದ, ಹೋಟೆಲಿನಲ್ಲಿ ಹುಡುಗರು ಹೊಸ ಟೇಪಿನ ಮಾತೇ ಆಡುತ್ತಾರಂತೆ. ಪುಣೆಗೂ ಹೋಯಿತಂತೆ, ಮೂರು ಶೋಗೆ ಬದಲಾಗಿ.

"ನಿಮ್ಮ ಮನೆ ಟ್ರಂಕು ಫೇಮಸ್ ಆಯ್ತು ಮಾಸ್ಟ್ರೇ."

ತಮಾಷೆಗೇ ಅಂದ. ನನ್ನ ಮುಖ ಕಂಡ ಮೇಲೆ, "ಹೋಗಲಿ ಬಿಡಿ, ಮಕ್ಕಳು" ಅಂದ. ಮಕ್ಕಳಲ್ಲ. ಅಮೀರನ ವಯಸ್ಸಿನವರೇ.

ಅಮ್ಮ ಈಗ ದನಿಯ ಮಾತು ಎತ್ತುವುದಿಲ್ಲ. ಫೋಟೊ ಗೋಡೆಗೆ ಹೋಗಿದೆ.

9 ಜೂನ್, ಭಾನುವಾರ, ಸಂಜೆ

ರಮಾನಾಥ ಬಂದ. ಟ್ಯಾಕ್ಸಿಯಲ್ಲಿ ತನ್ನ ಮಷಿನ್ ಹೊತ್ತುಕೊಂಡು, ಮೂರು ಮಹಡಿ ಹತ್ತಿ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಬಾ ಎಂದು ನಾನು ಹೇಳಲಿಲ್ಲ. ಅಮ್ಮ ಹೇಳಿದಳು.

"ಒಂದು ಮಾತು ಉಳಿದಿದೆ" ಅಂದ. "ಮೊದಲನೇ ಪೆಟ್ಟಿನ ಸೌಂಡಿಗೆ ಅಂಟಿಕೊಂಡಿತ್ತು. ಕಟ್ ಮಾಡಿದ್ರೆ ಡ್ರಮ್ ಹೋಗ್ತಿತ್ತು, ಅದಕ್ಕೇ ಬಿಟ್ಟಿದ್ದೆ. ಅವತ್ತು ಅಮ್ಮ ಸೆರಗು ಸರಿ ಮಾಡ್ಕೊಳ್ತಾ ಇದ್ರು, ಕೇಳಿಸಲಿಲ್ಲ."

ಡ್ರಮ್ಮಿನ ಮೇಲಿನ ದಯೆ. ನಮ್ಮ ಮೇಲಿನದಲ್ಲ. ಬಾಯಿಗೆ ಬಂತು, ನುಂಗಿದೆ.

ಅದೇ ಟ್ರಂಕಿನ ಮೇಲೆ ಮಷಿನ್ ಇಟ್ಟ, ನಮ್ಮ ಸ್ಪೂಲ್ ತೆಗೆದ. ಹಾಕಿದ.

"ನಾಕ."

ಅಷ್ಟೇ. ಆಮೇಲೆ ಪೆಟ್ಟು. ರಮಾನಾಥ ನಿಲ್ಲಿಸಿ ಹಿಂದಕ್ಕೆ ಸುತ್ತಿದ. "ನಾಕ." ಅವನೇ. ತುಸು ಒಡೆದ, ನಗುವಿನ ಅಂಚು ಇನ್ನೂ ಆರದ ದನಿ. ಒಂದು, ಎರಡು, ಮೂರು ಮಾಟುಂಗದ ಕಸದಲ್ಲಿವೆ.

ಮಷಿನ್ ಒಂದು ವಾರ ಇಟ್ಟುಕೊಳ್ಳಿ ಎಂದ. ಗುಂಡಿಗಳನ್ನು ತೋರಿಸಿಕೊಟ್ಟ. ಹೋಗುವಾಗ ತಗ್ಗಿದ ದನಿಯಲ್ಲಿ ನನಗೊಬ್ಬನಿಗೇ ಹೇಳಿದ — "ಜಾಯಿಂಟ್ ಅಲ್ಲೇ ಇದೆ ಭಾಯ್‌ಸಾಬ್, ಅದರ ಪಕ್ಕದಲ್ಲೇ. ಬಹಳ ಸಲ ಹಾಕಿದ್ರೆ ಬಿಟ್ಟುಕೊಳ್ತದೆ. ಆ ಜಾಗದಲ್ಲಿ ಟೇಪ್ ಹರೀತದೆ. ಕಾಪಿಯಲ್ಲಿ ಇದು ಬಂದಿಲ್ಲ, ಡ್ರಮ್ ಬಿದ್ದ ಮೇಲೆ ಸ್ಟಾರ್ಟ್ ಮಾಡಿದ್ದೆ." ನಾನು ಬಾಗಿಲು ಹಾಕಿಕೊಂಡೆ.

ಅಮ್ಮನಿಗೆ ಹೇಳಬೇಕು. ದಿನಕ್ಕೆ ಒಂದು ಸಲ ಸಾಕು ಎಂದಾದರೂ ಹೇಳಬೇಕು. ಅವಳು ಟ್ರಂಕಿನ ಮುಂದೆ ಕೂತಿದ್ದಾಳೆ. ಸ್ಟೋವ್ ಹಚ್ಚಿ ಬಂದಿದ್ದಾಳೆ, ಏನೂ ಇಟ್ಟಿಲ್ಲ ಅದರ ಮೇಲೆ, ಸುಮ್ಮನೆ ಉರಿಯುತ್ತಿದೆ.

"ನೀ ಗುಂಡಿ ಒತ್ತು ಕುತುಬ್. ಹೋದ ಮೂರು ನಾ ಹೇಳತೀನಿ."

ಒತ್ತಿದೆ. ಅವಳು ಮೂರು ಹೇಳಿದಳು, ಅವನು ನಾಲ್ಕನೆಯದು ಹೇಳಿದ. ಅಮ್ಮ ನಕ್ಕಳು. ಇನ್ನೊಮ್ಮೆ ಅಂದಳು. ಇನ್ನೊಮ್ಮೆ. ಎಷ್ಟು ಸಲ ಆಯಿತೋ. ಈಗ ಅವಳೇ ಗುಂಡಿ ಕಲಿತಿದ್ದಾಳೆ, ಅದಕ್ಕೇ ನಾನು ಇದನ್ನು ಬರೆಯಲು ಕೂತದ್ದು. ಜಾಯಿಂಟಿನ ಪಟ್ಟಿಯ ಅಂಚು ಮೇಲೆದ್ದಿರುವುದು ಇಲ್ಲಿಂದಲೇ ಕಾಣುತ್ತಿದೆ. ಬೇಡ ಎನ್ನಬೇಕು. ಮತ್ತೆ ಹಿಂದಕ್ಕೆ ಸುತ್ತಿದಳು. ಒಂದ, ಎರಡ, ಮೂರ —